ಒಂದೇ ತಾಲ್ಲೂಕಿನ ಮಳೆ, ಎರಡು ಕಡಲು: ಭೂಗೋಳ ಕಲಿತ ಮಗುವಿಗೆ ಏನು ಬರಬೇಕು?

ಪ್ರಶ್ನೆ: ನನ್ನ ಮಗಳು ತೀರ್ಥಹಳ್ಳಿ ಹತ್ತಿರದ ಶಾಲೆಯಲ್ಲಿ ಏಳನೇ ತರಗತಿ ಓದುತ್ತಿದ್ದಾಳೆ. ನದಿ, ಬೆಟ್ಟ, ರಾಜಧಾನಿಗಳ ಹೆಸರುಗಳನ್ನು ಬಾಯಿಪಾಠ ಮಾಡುವುದೇ ಭೂಗೋಳ ಎಂದುಕೊಂಡಿದ್ದಾಳೆ. ಪೋಷಕರ ಸಭೆಯಲ್ಲಿ ಶಿಕ್ಷಕರು ‘ಕಲಿಕಾ ಫಲ’ದ ಬಗ್ಗೆ ಹೇಳಿದರು, ನನಗೆ ಸರಿಯಾಗಿ ಅರ್ಥವಾಗಲಿಲ್ಲ. ಭೂಗೋಳದ ಪಾಠದ ಗುರಿಯಾದರೂ ಏನು?

ಉತ್ತರ: ನಿಮ್ಮ ತಾಲ್ಲೂಕಿನಿಂದಲೇ ಶುರು ಮಾಡೋಣ. ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಜೋಗದಲ್ಲಿ 253 ಮೀಟರ್ ಕೆಳಕ್ಕೆ ಧುಮುಕಿ, ಹೊನ್ನಾವರದ ಬಳಿ ಅರಬ್ಬಿ ಸಮುದ್ರ ಸೇರುತ್ತದೆ. ತೀರ್ಥಹಳ್ಳಿ ಪೇಟೆಯ ಮಗ್ಗುಲಲ್ಲಿ ಹರಿಯುವ ತುಂಗೆ ಕೂಡಲಿಯಲ್ಲಿ ಭದ್ರೆಯನ್ನು ಕೂಡಿ, ಮುಂದೆ ಕೃಷ್ಣೆಯೊಡನೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಒಂದೇ ತಾಲ್ಲೂಕಿನಲ್ಲಿ ಬಿದ್ದ ಮಳೆಗೆ ಎರಡು ಕಡಲು! ಇಷ್ಟು ಹೆಸರುಗಳನ್ನು ನಿಮ್ಮ ಮಗಳು ಈಗಾಗಲೇ ಹೇಳಬಲ್ಲಳು. ‘ಹಾಗೇಕೆ?’ ಎಂದು ಅವಳಿಗೇ ಅನ್ನಿಸಿ, ನಕ್ಷೆಯ ಮೇಲೆ ಬೆರಳಿಟ್ಟು ಎರಡು ಹೊಳೆಗಳ ನಡುವೆ ನೀರನ್ನು ಆಚೀಚೆ ಪಾಲು ಮಾಡುವ ಎತ್ತರದ ಸಾಲನ್ನು ಹುಡುಕತೊಡಗಿದಳೆನ್ನಿ, ಭೂಗೋಳದ ಗುರಿ ಅಲ್ಲಿಗೆ ತಲುಪಿದಂತೆ.

ಗುರಿಯೂ ಕಲಿಕಾ ಫಲವೂ ಒಂದೇ ಅಲ್ಲ, ಗೊಂದಲ ಹುಟ್ಟುವುದು ಇಲ್ಲಿಯೇ. ಹತ್ತು ವರ್ಷ ಓದಿದ ಮೇಲೆ ಮಗು ತನ್ನ ನೆಲವನ್ನು ಹೇಗೆ ನೋಡಬೇಕು ಎಂಬ ದೊಡ್ಡ ಆಸೆ ಗುರಿ. ಈ ವರ್ಷದ ಕೊನೆಗೆ ಮಗು ಏನು ಮಾಡಿ ತೋರಿಸಬಲ್ಲದು ಎಂಬುದು ಕಲಿಕಾ ಫಲ. ಪಾಠ ಬಾಯಿಪಾಠದಿಂದ ದೂರ ಸರಿಯಬೇಕು, ಶಾಲೆಯ ಹೊರಗಿನ ಬದುಕಿಗೆ ಹತ್ತಿರವಾಗಬೇಕು ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ಎಂಟನೇ ತರಗತಿಯವರೆಗೆ ಯಾವ ತರಗತಿಯಲ್ಲಿ, ಯಾವ ವಿಷಯದಲ್ಲಿ ಮಗುವಿಗೆ ಏನು ಬರಬೇಕು ಎಂಬ ಪಟ್ಟಿಯನ್ನು ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿ (ಎನ್‌ಸಿಇಆರ್‌ಟಿ) 2017ರಲ್ಲಿ ಹೊರತಂದಿತು. ಅದೇ ವರ್ಷ ಶಿಕ್ಷಣ ಹಕ್ಕು ನಿಯಮಗಳಿಗೂ ಕಲಿಕಾ ಫಲಗಳನ್ನು ಸೇರಿಸಲಾಯಿತು.

ಆ ಪಟ್ಟಿಯನ್ನು ಓದುವಾಗ ಕ್ರಿಯಾಪದದ ಮೇಲೆ ಕಣ್ಣಿಡಿ. ಗುರುತಿಸುತ್ತದೆ, ವಿವರಿಸುತ್ತದೆ, ಹೋಲಿಸುತ್ತದೆ, ಕಾರಣ ಕೊಡುತ್ತದೆ: ಒಂದೊಂದೂ ಒಂದೊಂದು ಮೆಟ್ಟಿಲು. ಭೂಪಟದಲ್ಲಿ ಆಗುಂಬೆಯನ್ನು ತೋರಿಸುವುದು ಮೊದಲ ಮೆಟ್ಟಿಲು. ಅಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದರೆ ಶಿವಮೊಗ್ಗ ಪೇಟೆಗೆ ಅದರ ಕಾಲು ಭಾಗವೂ ಬೀಳುವುದಿಲ್ಲ ಎಂದು ಹೋಲಿಸುವುದು ಅದರ ಮೇಲಿನದು. ಕಡಲಿನಿಂದ ಬಂದ ಗಾಳಿ ಘಟ್ಟಕ್ಕೆ ತಾಗಿ ಮೇಲೇರುತ್ತದೆ, ಏರಿದಂತೆ ತಣಿದು ನೀರನ್ನೆಲ್ಲ ಘಟ್ಟದ ಮೇಲೇ ಸುರಿದುಬಿಡುತ್ತದೆ, ಮೂಡಣಕ್ಕೆ ಇಳಿಯುವಾಗ ಅದರಲ್ಲಿ ಉಳಿದಿರುವುದು ಅಷ್ಟಕ್ಕಷ್ಟೆ ಎಂದು ಮಗು ತನ್ನ ಮಾತಿನಲ್ಲಿ ಹೇಳಿದರೆ ಅದು ಇನ್ನೂ ಮೇಲಿನದು. ಬಿಡದೆ ಸುರಿವ ಮಳೆಗೆ ಅಡಿಕೆಗೆ ಕೊಳೆ ರೋಗ ಬರುವ ಮೊದಲೇ ಅಪ್ಪ ಬೋರ್ಡೋ ದ್ರಾವಣ ಹೊಡೆಸಲು ಏಕೆ ಪರದಾಡುತ್ತಾರೆ ಎಂಬುದನ್ನೂ ಆ ಗಾಳಿಗೇ ಜೋಡಿಸಿದರಂತೂ ಶಿಕ್ಷಕರು ಹಬ್ಬ ಮಾಡಬೇಕು.

ನಾನು ಕಣ್ಣಾರೆ ಕಂಡ ಒಂದು ತರಗತಿಯ ಮಾತು ಹೇಳುತ್ತೇನೆ. ಮನೆಯಿಂದ ಶಾಲೆಯವರೆಗಿನ ದಾರಿಯ ನಕ್ಷೆ ಬರೆದು ತರಲು ಆರನೇ ತರಗತಿಯ ಮಕ್ಕಳಿಗೆ ಹೇಳಿದ್ದರು. ಒಬ್ಬ ಹುಡುಗಿ ಬರೆದ ನಕ್ಷೆಯಲ್ಲಿ ಹಳ್ಳದ ಮೇಲಿನ ಕಾಲುಸಂಕ ಶಾಲೆಗಿಂತ ದೊಡ್ಡದಾಗಿತ್ತು. ಮಳೆಗಾಲದಲ್ಲಿ ಅದನ್ನು ದಾಟುವ ಮಗುವಿಗೆ ಅದು ದೊಡ್ಡದೇ ತಾನೇ? ಶಿಕ್ಷಕಿ ತಪ್ಪು ಎಂದು ಗೆರೆ ಎಳೆಯಲಿಲ್ಲ. ‘ನಾಳೆ ಬರುವಾಗ ಹೆಜ್ಜೆ ಎಣಿಸಿಕೊಂಡು ಬಾ’ ಎಂದರು. ಸಂಕದಿಂದ ಶಾಲೆಯ ಗೇಟಿಗೆ 240 ಹೆಜ್ಜೆ, ಸಂಕವೋ ಹದಿನೈದೇ ಹೆಜ್ಜೆ. ಇಪ್ಪತ್ತು ಹೆಜ್ಜೆಗೆ ಒಂದು ಸೆಂಟಿಮೀಟರ್ ಎಂದು ಗೊತ್ತುಮಾಡಿಕೊಂಡು ಅವಳು ಮತ್ತೆ ಬರೆದಾಗ ಗೇಟು 12 ಸೆಂಟಿಮೀಟರ್ ಆಚೆ ಹೋಯಿತು, ಸಂಕ ಒಂದು ಸೆಂಟಿಮೀಟರಿಗೂ ಕಡಿಮೆಯಾಯಿತು. ಪ್ರಮಾಣ ಎಂಬ ಪದದ ವ್ಯಾಖ್ಯೆಯನ್ನು ಅವಳಿಗೆ ಯಾರೂ ಬರೆಸಿರಲಿಲ್ಲ.

ಮೇಲಿನ ತರಗತಿಗಳಿಗೆ ಹೋದಂತೆ ಪ್ರಶ್ನೆ ಇನ್ನೂ ಕಠಿಣವಾಗುತ್ತದೆ: ನೆಲ ಬದಲಾದಾಗ ಯಾರಿಗೆ ಏನಾಯಿತು? ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು, ನಾಡಿಗೆ ಬೆಳಕು ಬಂತು. ಆ ನೀರಿನಲ್ಲಿ ಎಷ್ಟೋ ಊರುಗಳು ಮುಳುಗಿದವು, ಮನೆಗಳು ಎದ್ದುಹೋದವು. ಹಿನ್ನೀರಿನಾಚೆ ಉಳಿದ ತುಮರಿಯ ಕಡೆಯವರು ಸಾಗರಕ್ಕೆ ಬರಬೇಕೆಂದರೆ ಹೊಳೆಬಾಗಿಲಿನಲ್ಲಿ ಲಾಂಚ್ ಕಾಯಬೇಕಾಗಿತ್ತು. ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ‘ವಿವಿಧೋದ್ದೇಶ ನದಿ ಕಣಿವೆ ಯೋಜನೆಯ ಉದ್ದೇಶಗಳನ್ನು ಪಟ್ಟಿಮಾಡಿ’ ಎಂಬ ಪ್ರಶ್ನೆಗೆ ನಮ್ಮ ಮಕ್ಕಳು ನೀರಾವರಿ, ವಿದ್ಯುತ್, ಪ್ರವಾಹ ನಿಯಂತ್ರಣ ಎಂದು ಸರಾಗವಾಗಿ ಬರೆಯುತ್ತಾರೆ. ಸಾಗರ, ಹೊಸನಗರದ ಮಕ್ಕಳೂ ಅಷ್ಟನ್ನೇ ಬರೆದು, ಅಜ್ಜಿ ಬಿಟ್ಟುಬಂದ ಊರಿನ ಹೆಸರನ್ನು ಎಲ್ಲಿಯೂ ಬರೆಯದೆ ಎದ್ದುಬರುತ್ತಾರಲ್ಲ, ಅದು ನನಗೆ ನಿಜಕ್ಕೂ ನೋವಿನ ಸಂಗತಿ. ಲಾಭವನ್ನೂ ನಷ್ಟವನ್ನೂ ಒಟ್ಟಿಗೆ ಇಟ್ಟು ತೂಗುವುದು ಭೂಗೋಳದ ಗುರಿಗಳಲ್ಲೇ ಒಂದು.

ಹಾಗಾದರೆ ಬಾಯಿಪಾಠ ಬೇಡವೇ? ಬೇಕು. ತುಂಗೆ ಯಾವುದು, ವರದೆ ಯಾವುದು ಎಂದು ತಿಳಿಯದ ಮಗು ‘ಏಕೆ’ ಎಂದು ಕೇಳುವುದಾದರೂ ಯಾವುದರ ಬಗ್ಗೆ? ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಭಾರತದ ನಕ್ಷೆ ಬರೆದು ಸ್ಥಳ ಗುರುತಿಸುವ ಪ್ರಶ್ನೆಗೆ ಅಂಕವಿದೆ, ಅದನ್ನು ಬಿಡಬೇಕಾಗಿಲ್ಲ. ಹೆಸರು ಬಂದ ಮೇಲೆ ಪಾಠ ಅಲ್ಲಿಗೇ ನಿಲ್ಲಬಾರದು ಅಷ್ಟೆ. ಮುಂದಿನ ಸಭೆಯಲ್ಲಿ ಎಷ್ಟು ಅಂಕ ಎಂದು ಕೇಳಿದ ಮೇಲೆ, ಈ ಪಾಠದಿಂದ ನನ್ನ ಮಗಳು ಏನನ್ನು ವಿವರಿಸಬಲ್ಲಳು ಎಂದೂ ಕೇಳಿ ನೋಡಿ. ಒಳ್ಳೆಯ ಶಿಕ್ಷಕರಿಗೆ ಆ ಪ್ರಶ್ನೆ ಖುಷಿ ಕೊಡುತ್ತದೆ.

ಮನೆಯಲ್ಲಿ ಮಾಡಬಹುದಾದದ್ದೂ ಒಂದಿದೆ. ಎಷ್ಟೋ ತೋಟದ ಮನೆಗಳಲ್ಲಿ ಮಳೆ ಅಳೆದು ಬರೆದಿಡುವ ರೂಢಿ ಇದೆ. ಆ ಕೆಲಸವನ್ನು ಈ ಸಲ ಮಗಳಿಗೆ ವಹಿಸಿ. ಬುಡದಿಂದ ಬಾಯಿಯವರೆಗೆ ಒಂದೇ ಅಗಲವಿರುವ ಎತ್ತರದ ಪಾತ್ರೆಯೊಂದನ್ನು ಮರದ ನೆರಳಿಲ್ಲದ, ಸೂರಿನ ನೀರು ಬೀಳದ ಕಡೆ ಇಡಲಿ. ಹವಾಮಾನ ಇಲಾಖೆಯವರಂತೆ ದಿನಾ ಬೆಳಿಗ್ಗೆ ಎಂಟೂವರೆಗೆ, ಶಾಲೆಗೆ ಬೇಗ ಹೊರಡಬೇಕಾದರೆ ಅದಕ್ಕೂ ಮೊದಲು ಒಂದೇ ಹೊತ್ತಿಗೆ, ಅಳತೆಪಟ್ಟಿ ಇಳಿಬಿಟ್ಟು ಎಷ್ಟು ಮಿಲಿಮೀಟರ್ ಎಂದು ಬರೆದುಕೊಂಡು ನೀರು ಚೆಲ್ಲಲಿ. ಆರಿದ್ರಾದಿಂದ ಆಶ್ಲೇಷದವರೆಗೆ, ಒಂದೊಂದು ಮಳೆ ನಕ್ಷತ್ರಕ್ಕೆ ಹದಿಮೂರೋ ಹದಿನಾಲ್ಕೋ ದಿನ, ಲೆಕ್ಕ ನಡೆಯಲಿ. ಶಿವಮೊಗ್ಗದಲ್ಲಿ ನಂಟರ ಮಕ್ಕಳಿದ್ದರೆ ಅವರೂ ಹೀಗೆಯೇ ಅಳೆಯಲಿ. ಭಾನುವಾರ ಫೋನಿನಲ್ಲಿ ಎರಡೂ ಮನೆಯ ಅಂಕಿಗಳನ್ನು ಪಕ್ಕಪಕ್ಕ ಬರೆದುಕೊಂಡಾಗ ‘ಅಮ್ಮ, ಅಲ್ಲಿ ಏಕೆ ಇಷ್ಟು ಕಡಿಮೆ?’ ಎಂದು ಅವಳೇ ನಿಮ್ಮನ್ನು ಕೇಳುತ್ತಾಳೆ.