ಹಿಂಬದಿಯ ಆ ಒಂದು ಗೆರೆ: ಹಳೆಯ ಕಾಲುಚೀಲ ಹೆಣೆಯುವ ಬಗೆ

ಹದಿನೆಂಟನೆಯ ಶತಮಾನದ ಇಂಗ್ಲಿಷ್ ಉಡುಪನ್ನು ಮರುಸೃಷ್ಟಿಸುವವರು ಕೋಟಿಗೆ, ಗುಂಡಿಗೆ ತಿಂಗಳುಗಟ್ಟಲೆ ಶ್ರಮಪಟ್ಟು, ಕಾಲುಚೀಲವನ್ನು ಮಾತ್ರ ಅಂಗಡಿಯಿಂದ ತರುತ್ತಾರೆ. ಆಗಿನ ಗಂಡಸರ ಚಲ್ಲಣ ಮೊಣಕಾಲಿಗೇ ಮುಗಿಯುತ್ತಿತ್ತು. ಕೆಳಗೆ ಮೀನಖಂಡವೆಲ್ಲ ಎದ್ದು ಕಾಣುತ್ತಿತ್ತು. ಅಳತೆಯಿಲ್ಲದ ಕೊಳವೆಯಂಥ ಚೀಲ ಅಲ್ಲಿ ಬಿಗಿದು ತೆಳುವಾಗುತ್ತದೆ, ಹರಡಿನ (ಪಾದದ ಗಂಟಿನ) ಬಳಿ ಸುಕ್ಕುಗಟ್ಟುತ್ತದೆ.

ಈ ತಕರಾರು ಹಳೆಯದು. ಹೆಣಿಗೆ ಹರಡುವ ಮೊದಲು ಯೂರೋಪಿನಲ್ಲಿ ನೇಯ್ದ ಬಟ್ಟೆಯನ್ನೇ ಓರೆಯಾಗಿ ಕತ್ತರಿಸಿ ಕಾಲಿಗೆ ಹೊಲಿಯುತ್ತಿದ್ದರು. 1562ರಲ್ಲಿ ತೀರಿಕೊಂಡ ಫ್ಲಾರೆನ್ಸಿನ ಡಚೆಸ್ ಎಲಿಯೊನೊರಾಳ ಸಮಾಧಿಯಲ್ಲಿ ಸಿಕ್ಕಿದ್ದು ಕೈಯಲ್ಲಿ ಹೆಣೆದ ಕೆಂಪು ರೇಷ್ಮೆಯ ಜೋಡಿ. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಹೆಣಿಗೆ ಯಂತ್ರ ಕಟ್ಟಿದ. ಅದರಲ್ಲಿ ಚಪ್ಪಟೆ ಪಟ್ಟಿ ಹೆಣೆದು, ಅಂಚಿನ ಕುಣಿಕೆ ಕಡಿಮೆ ಮಾಡುತ್ತ ಕಾಲಿನ ಆಕಾರ ತಂದು, ಹಿಂದೆ ಹೊಲಿಯುತ್ತಿದ್ದರು. ಆಮೇಲೆ ಅಗಲ ಯಂತ್ರದ ಹೆಣಿಗೆಯನ್ನು ಕತ್ತರಿಸಿ ಹೊಲಿದ ಅಗ್ಗದ ಮಾಲು ಬಂತು. ಕತ್ತರಿಸಿದ ಅಂಚಿನಲ್ಲಿ ಕುಣಿಕೆಗಳು ಬಿಚ್ಚಿಕೊಳ್ಳುತ್ತವೆ. 1811ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರಿನಲ್ಲಿ ಲಡ್ಡೈಟರು ಎನಿಸಿಕೊಂಡ ಬಂಡಾಯದ ಹೆಣಿಗೆ ಕೆಲಸಗಾರರು ಯಂತ್ರ ಮುರಿದಾಗ ಕೂಲಿ ಕಡಿತದ ಜೊತೆಗೆ ಈ ಕಳಪೆ ಮಾಲಿನ ಮೇಲೂ ಅವರಿಗೆ ಸಿಟ್ಟಿತ್ತು. ಆ ಸಿಟ್ಟು ನ್ಯಾಯವಾದದ್ದೇ.

ಕೈಹೆಣಿಗೆಯಲ್ಲಿ ಸುತ್ತಾಗಿ ಹೆಣೆಯುವುದರಿಂದ ಹೊಲಿಗೆ ಬೇಕಿಲ್ಲ. ಆದರೂ ಹಿಂಬದಿಯ ನಡುವೆ ಒಂದು ಕುಣಿಕೆಯನ್ನು ಸುತ್ತು ಬಿಟ್ಟು ಸುತ್ತು ಉಲ್ಟಾ (ಉಬ್ಬು ಹೊರಮುಖಕ್ಕೆ ಬರುವಂತೆ) ಹಾಕುತ್ತಿದ್ದರು. ಮೇಲಿಂದ ಕೆಳಗೆ ಮಣಿ ಪೋಣಿಸಿದಂಥ ಗೆರೆ ಮೂಡುತ್ತದೆ. ಒಂದು ಉಬ್ಬೆಂದರೆ ಎರಡು ಸುತ್ತು, ಲೆಕ್ಕ ಬೆರಳಿಗೇ ಸಿಗುತ್ತದೆ. ಕುಣಿಕೆ ಇಳಿಸುವುದೂ, ಅಂದರೆ ಎರಡನ್ನು ಒಂದಾಗಿ ಹೆಣೆದು ಕಡಿಮೆ ಮಾಡುವುದೂ, ಈ ಗೆರೆಯ ಅಕ್ಕಪಕ್ಕದಲ್ಲೇ.

2 ಮಿಲಿಮೀಟರಿನ ಐದು ಉಕ್ಕಿನ ಕಡ್ಡಿ, ಜೋಡಿಗೆ ಸುಮಾರು 300 ಗ್ರಾಂ ತೆಳು ಉಣ್ಣೆ ಸಾಕು. ಯಂತ್ರದಲ್ಲಿ ಒಗೆಯಲೆಂದು ಸಂಸ್ಕರಿಸಿದ ಉಣ್ಣೆ ಬೇಡ, ತೊಟ್ಟಷ್ಟೂ ಜೋಲುತ್ತದೆ. 10 ಸೆಂಟಿಮೀಟರಿಗೆ 32 ಕುಣಿಕೆ, 44 ಸುತ್ತು ಬರುವ ಹದದಲ್ಲಿ, 36 ಸೆಂಟಿಮೀಟರಿನ ಮೀನಖಂಡಕ್ಕೆ ಲೆಕ್ಕ ಹೀಗೆ: ಮೊಣಕಾಲಿನ ಮೇಲೆ 120 ಕುಣಿಕೆ, ಇಳಿಸುತ್ತ ಮೀನಖಂಡಕ್ಕೆ 108 (ಹಿಗ್ಗಿ ಬಿಗಿಯಾಗಿ ಕೂರಲೆಂದು ಅಳತೆಗಿಂತ ತುಸು ಕಡಿಮೆ). ಅಲ್ಲಿಂದ ಪ್ರತಿ 5ನೇ ಸುತ್ತಿಗೆ ಗೆರೆಯ ಎರಡೂ ಬದಿ ಒಂದೊಂದು ಇಳಿಸಿ. 18 ಸಲ ಇಳಿಸಿದರೆ 90 ಸುತ್ತಿನಲ್ಲಿ ಹರಡಿನ ಹತ್ತಿರ 72 ಉಳಿಯುತ್ತದೆ.

ಹೆಚ್ಚಿನವರು ಎಡವುವುದು ಹಿಮ್ಮಡಿಯಲ್ಲಿ. 72ರಲ್ಲಿ ಅರ್ಧ, ಅಂದರೆ ಹಿಂಬದಿಯ 36 ಕುಣಿಕೆಯ ಮೇಲೆ ಸುಮಾರು 8 ಸೆಂಟಿಮೀಟರ್ ಉದ್ದದ ಪಟ್ಟಿ ಹೆಣೆದು, ಅರ್ಧಕ್ಕೆ ಮಡಚಿ, ಎರಡು ಕಡ್ಡಿಯ ಕುಣಿಕೆಗಳನ್ನು ಜೊತೆಯಾಗಿ ಮುಗಿಸಬೇಕು. ಮಡಿಕೆಯ ಕೊನೆ ಮೂಲೆಯಾಗಿ ಚುಚ್ಚುತ್ತದೆ. ಪಟ್ಟಿಯ ಕೊನೆಯ ಕೆಲವು ಸಾಲುಗಳಲ್ಲಿ ನಡುವಿನ ಆಚೀಚೆ ಕುಣಿಕೆ ಇಳಿಸಿದರೆ ದುಂಡಗಾಗುತ್ತದೆ. ಆಮೇಲೆ ಪಟ್ಟಿಯ ಅಂಚುಗಳಿಂದ ಕುಣಿಕೆ ಎತ್ತಿಕೊಂಡು, ಇಳಿಸುತ್ತ ಮತ್ತೆ 72ಕ್ಕೆ ಬಂದು ಪಾದ ಮುಂದುವರಿಸಿ.

ಮೇಲಂಚಿಗೆ ಎಲಾಸ್ಟಿಕ್ ಹಾಕಿದರೆ ಕಾಲಮಾನವೇ ಕೆಟ್ಟಿತು. ನಾಲ್ಕಾರು ಸುತ್ತು ಸೀದಾ-ಉಲ್ಟಾ ಹೆಣೆದು, ಮೊಣಕಾಲಿನ ಕೆಳಗೆ ಪಟ್ಟಿ ಕಟ್ಟಿ ನಿಲ್ಲಿಸಿ. ಒಗೆದ ಮೇಲೆ ಕಾಲಿನಾಕಾರದ ಹಲಗೆಗೆ ಏರಿಸಿ, ಹಿಂಬದಿಯ ಗೆರೆ ನೆಟ್ಟಗಿದೆಯೇ ನೋಡಿಕೊಂಡು ಒಣಗಿಸಿ.