10 ದಿನದ ಲೆಕ್ಕ ಕಚ್ಚಿದ ನಾಯಿಗೆ, ಕಚ್ಚಿಸ್ಕೊಂಡ ನಾಯಿಗಲ್ಲ
"ಡಾಕ್ಟ್ರೇ, ನಮ್ ನಾಯಿಗೆ ಯಾವ್ದೋ ನಾಯಿ ಕಚ್ಚಿ 10 ದಿನ ಆಯ್ತು, ಆರಾಮಾಗಿ ಊಟ ಮಾಡ್ಕೊಂಡು ಓಡಾಡ್ಕೊಂಡಿದೆ, ಇನ್ನು ರೇಬಿಸ್ (ಹುಚ್ಚುನಾಯಿ ರೋಗ) ಭಯ ಇಲ್ಲ ಅಲ್ವಾ?" ಅಂತ ಕೇಳೋರು ಬಹಳ ಜನ. ಲೆಕ್ಕ ಉಲ್ಟಾ ಆಗೋದೇ ಇಲ್ಲಿ. 10 ದಿನ ಕಣ್ಣಿಡ್ಬೇಕಾಗಿರೋದು ಕಚ್ಚಿದ ಪ್ರಾಣಿ ಮೇಲೆ. ರೇಬಿಸ್ ವೈರಸ್ ನರದ ದಾರಿ ಹಿಡ್ಕೊಂಡು ಮೆದುಳು ಸೇರಿ, ಅಲ್ಲಿಂದ ಜೊಲ್ಲಿನ ಗ್ರಂಥಿಗೆ ಬಂದ್ಮೇಲೇನೇ ಕಡಿತದಿಂದ ಹರಡೋದು, ಆ ಹಂತ ಮುಟ್ಟಿದ ನಾಯಿನೋ ಬೆಕ್ಕೋ ಕೆಲವೇ ದಿನದಲ್ಲಿ ಕಾಯಿಲೆ ಬಿದ್ದು ಸತ್ತೋಗುತ್ತೆ. ಹಾಗಾಗಿ 10 ದಿನ ಕಳೆದ್ರೂ ಅದು ಗಟ್ಟಿಯಾಗಿದ್ರೆ ಕಚ್ಚಿದ ದಿನ ಅದ್ರ ಜೊಲ್ಲಲ್ಲಿ ವೈರಸ್ ಇರ್ಲಿಲ್ಲ ಅಂತ ಅರ್ಥ. ಆದ್ರೆ ಕಚ್ಚಿಸ್ಕೊಂಡ ನಿಮ್ ನಾಯಿ ಒಳಗೆ ವೈರಸ್ ಹೋಗಿದ್ರೂ ಸಾಮಾನ್ಯವಾಗಿ 3 ವಾರದಿಂದ 3 ತಿಂಗಳು, ಕೆಲವು ಸಲ ಇನ್ನೂ ಜಾಸ್ತಿ, ಏನೂ ಗೊತ್ತಾಗಲ್ಲ. ಬ್ಲಡ್ ಟೆಸ್ಟ್ ಮಾಡಿ ಹೇಳಿ ಅಂತಾರೆ, ಆಗಲ್ಲ, ಪ್ರಾಣಿಲಿ ರೇಬಿಸ್ ಖಚಿತ ಆಗೋದು ಸತ್ತ ಮೇಲೆ ಮೆದುಳು ಪರೀಕ್ಷೆ ಮಾಡಿದಾಗ.

ಕಚ್ಚಿದ ತಕ್ಷಣ ಗಾಯನ ಸೋಪು ಹಚ್ಚಿ ಹರಿಯೋ ನೀರಲ್ಲಿ 15 ನಿಮಿಷ ತೊಳೀರಿ, ಆಮೇಲೆ ಪೊವಿಡೋನ್ ಅಯೋಡಿನ್ (ಗಾಯದ ಕ್ರಿಮಿ ಕೊಲ್ಲೋ ಔಷಧಿ) ಹಚ್ಚಿ. ವೈರಸ್ ಮೇಲಿರೋ ಕೊಬ್ಬಿನ ಪದರ ಸೋಪಿಗೆ ಕರಗುತ್ತೆ, ಅದಕ್ಕೇ ಬರೀ ನೀರು ಸಾಲದು. ಗ್ಲೌಸ್ ಹಾಕ್ಕೊಳ್ಳಿ, ಕೂದಲ ಮೇಲೆ ಇನ್ನೊಂದು ನಾಯಿ ಜೊಲ್ಲು ಇರುತ್ತೆ. ನೋವಲ್ಲಿ ನಿಮ್ಮದೇ ನಾಯಿ ನಿಮಗೇ ಬಾಯಿ ಹಾಕ್ಬೋದು, ಉಸಿರಾಟ ಸರಿ ಇದ್ರೆ ಮಜಲ್ (ಬಾಯಿಪಟ್ಟಿ) ಕಟ್ಟಿ, ಬೆಕ್ಕಾದ್ರೆ ದಪ್ಪ ಟವೆಲಲ್ಲಿ ಸುತ್ತಿ. ತೂತು ಚಿಕ್ಕದು ಅಂತ ಮನೇಲೇ ಇರ್ಬೇಡಿ. ಬೆಕ್ಕಿನ ಹಲ್ಲು ಆಳಕ್ಕೆ ಇಳಿದಿರುತ್ತೆ, ಮೇಲೆ ಮುಚ್ಕೊಂಡು 2-4 ದಿನದಲ್ಲಿ ಒಳಗೆ ಕೀವು ತುಂಬುತ್ತೆ, ದೊಡ್ಡ ನಾಯಿ ಕಚ್ಚಿ ಹಿಡಿದು ಅಲ್ಲಾಡಿಸಿದ ಚಿಕ್ಕ ನಾಯಿಗೆ ಚರ್ಮದ ಮೇಲೆ ಎರಡು ತೂತು ಕಂಡ್ರೂ ಒಳಗೆ ಪಕ್ಕೆಲುಬು ಮುರಿದಿರ್ಬೋದು. ಹೊಲಿಗೆ ಹಾಕ್ಲಿಲ್ಲ ಅಂತ ಡಾಕ್ಟ್ರ ಮೇಲೆ ರೇಗ್ಬೇಡಿ, ಕೀವು ಒಳಗೇ ಉಳೀಬಾರ್ದು ಅಂತ ಕಡಿತದ ಗಾಯ ಸಾಮಾನ್ಯವಾಗಿ ಬೇಕಂತಲೇ ತೆರೆದು ಬಿಡ್ತೀವಿ.

ಇನ್ನು ವ್ಯಾಕ್ಸಿನ್. ಮುಂಚೆ ಹಾಕ್ಸಿದ ದಾಖಲೆ ಇದ್ರೆ ತಕ್ಷಣ ಬೂಸ್ಟರ್, ಆಮೇಲೆ ಸಾಮಾನ್ಯವಾಗಿ 45 ದಿನ ಮನೇಲೇ ಕಟ್ಟಿ ನಿಗಾ. ಡೇಟ್ ಮುಗಿದಿದ್ರೂ ಕಾರ್ಡ್ ತನ್ನಿ, ಆ ಹಳೇ ಡೋಸಿಗೂ ಬೆಲೆ ಇದೆ. ಒಂದೂ ಹಾಕ್ಸಿಲ್ಲ, ಕಚ್ಚಿದ್ದು ಹುಚ್ಚುನಾಯಿ ಅನ್ನೋ ಅನುಮಾನ ಗಟ್ಟಿ ಇದೆ ಅಂದ್ರೆ ಕಷ್ಟ, ನಿಯಮ ದೇಶದಿಂದ ದೇಶಕ್ಕೆ ಬೇರೆ, ಕೆಲವು ಕಡೆ 4 ತಿಂಗಳು ಯಾರ ಸಂಪರ್ಕಕ್ಕೂ ಬರ್ದಂಗೆ ಕೂಡಿಹಾಕ್ಬೇಕು, ಇಲ್ಲಾಂದ್ರೆ ದಯಾಮರಣ ಅಂತಾರೆ, ನಂಗೂ ಬಾಯ್ಬಿಟ್ಟು ಹೇಳೋಕೆ ಹಿಂಸೆ ಆಗೋ ಮಾತು ಇದೊಂದೇ. ಹೋದ್ವಾರ ತಾನೇ ಮೊದಲ ಡೋಸ್ ಹಾಕ್ಸಿದ್ವಿ ಅಂದ್ರೂ ಸಾಲಲ್ಲ, ಮೊದಲ ಡೋಸಿನ ರಕ್ಷಣೆ ಲೆಕ್ಕಕ್ಕೆ ಬರೋದು 28 ದಿನ ಆದ್ಮೇಲೆ.

ಈ ಗಲಾಟೇಲಿ ನಿಮಗೂ ಹಲ್ಲು ತಾಗಿದ್ರೆ, ತರಚು ಗಾಯಕ್ಕೆ ಜೊಲ್ಲು ಬಿದ್ದಿದ್ರೆ ನಿಮ್ ಡಾಕ್ಟ್ರ ಹತ್ರ ಅವತ್ತೇ ಹೋಗಿ ಇಂಜೆಕ್ಷನ್ ಶುರು ಮಾಡಿ, 10 ದಿನ ನೋಡೋಣ ಅಂತ ಕಾಯ್ಬೇಡಿ. ನಿಮಗೆ ಕಚ್ಚಿದ ನಾಯಿ ಆ 10 ದಿನ ಚೆನ್ನಾಗೇ ಉಳಿದ್ರೆ ಅವ್ರೇ ನಿಲ್ಲಿಸ್ತಾರೆ.

ನಿಗಾ ಇಟ್ಟಾಗ ಎಲ್ರೂ ಕಾಯೋದು ಮೈಮೇಲೆ ಎರಗೋ ನಾಯಿಗೆ, ಆದ್ರೆ ಮಂಕಾಗಿ ಮೂಲೆ ಸೇರೋ ರೇಬಿಸ್ಸೂ ಇದೆ. ದವಡೆ ಜೋತು ಬಿದ್ದು, ನುಂಗೋಕಾಗ್ದೆ, ಬೊಗಳೋ ದನಿ ಬದಲಾಗಿ ಜೊಲ್ಲು ಸುರಿಸ್ತಿದ್ರೆ ಗಂಟಲಲ್ಲಿ ಮೂಳೆ ಸಿಕ್ಕಿದೆ ಅಂದ್ಕೊಂಡು ಬಾಯಿಗೆ ಕೈ ಹಾಕ್ತಾರೆ. ಹಾಕ್ಬೇಡಿ. ಬಾಗ್ಲು ಹಾಕಿ, ಮೊದ್ಲು ನಾಯಿ ಡಾಕ್ಟ್ರಿಗೆ ಫೋನ್ ಮಾಡಿ.