ಗೇಮ್ ಸೀರೀಸ್ ಎಲ್ಲಿಂದ ಶುರು ಮಾಡೋದು: ಬಂದ ಕ್ರಮವೋ, ಕಥೆಯ ಕ್ರಮವೋ?

ಪ್ರಶ್ನೆ: ದೊಡ್ಡ ಫ್ಯಾಂಟಸಿ ಆರ್‌ಪಿಜಿ (ಒಂದು ಪಾತ್ರವಾಗಿ ಕಥೆಯೊಳಗೆ ಸಾಗುವ ಗೇಮ್) ಸೀರೀಸ್ ಒಂದನ್ನು ಹೊಸದಾಗಿ ಆಡಬೇಕು ಅಂತಿದ್ದೇನೆ. ಗೇಮ್‌ಗಳು ರಿಲೀಸ್ ಆದ ಕ್ರಮದಲ್ಲೇ ಆಡಬೇಕಾ, ಅಥವಾ ಕಥೆಯಲ್ಲಿ ಯಾವುದು ಮೊದಲು ನಡೆಯುತ್ತೋ ಅದರಿಂದ ಶುರು ಮಾಡಬೇಕಾ? ಫ್ಯಾನ್ ಥಿಯರಿಗಳನ್ನು (ಕಥೆಯ ಗುಟ್ಟುಗಳ ಬಗ್ಗೆ ಅಭಿಮಾನಿಗಳು ಮಾಡುವ ಊಹೆಗಳನ್ನು) ಮೊದಲೇ ಓದಿಕೊಂಡರೆ ಕಥೆ ಸುಲಭವಾಗಿ ಅರ್ಥ ಆಗುತ್ತಾ?

ಉತ್ತರ: ರಿಲೀಸ್ ಆದ ಕ್ರಮದಲ್ಲೇ ಆಡಿ. ಥಿಯರಿಗಳನ್ನು ಗೇಮ್ ಮುಗಿದ ಮೇಲೆ ಓದಿ.

ಆದರೆ ಅದಕ್ಕೂ ಮೊದಲು ಒಂದು ವಿಷಯ ನೋಡಿಕೊಳ್ಳಿ. ನಿಮ್ಮ ಸೀರೀಸ್‌ನಲ್ಲಿ ಕಥೆ ಒಂದು ಗೇಮ್‌ನಿಂದ ಇನ್ನೊಂದಕ್ಕೆ ಮುಂದುವರಿಯುತ್ತಾ? ಫೈನಲ್ ಫ್ಯಾಂಟಸಿಯ ನಂಬರ್‌ಗಳನ್ನು ನೋಡಿಯೇ ಎಷ್ಟೋ ಜನ ಹೆದರುತ್ತಾರೆ. ಹೆದರಬೇಕಾಗಿಲ್ಲ. 1987ರ ಮೊದಲ ಗೇಮ್‌ನಿಂದ ಹಿಡಿದು ಇವತ್ತಿನವರೆಗೂ ಪ್ರತಿ ನಂಬರ್‌ಗೂ ಬೇರೆ ಲೋಕ, ಬೇರೆ ಜನ. ಚೊಕೊಬೊ ಹಕ್ಕಿ, ಮೂಗಲ್ ಅನ್ನೋ ಪುಟ್ಟ ಪ್ರಾಣಿಗಳು, ಸಿಡ್ ಅನ್ನೋ ಹೆಸರು ಮಾತ್ರ ಮತ್ತೆ ಮತ್ತೆ ಬರುತ್ತವೆ. ಹತ್ತನೆಯದನ್ನು ಮೊದಲು ಆಡಿ ಆರನೆಯದಕ್ಕೆ ಹೋದರೂ ಏನೂ ಕೆಡುವುದಿಲ್ಲ. ಎಲ್ಡರ್ ಸ್ಕ್ರೋಲ್ಸ್‌ನಲ್ಲಿ ಲೋಕ ಒಂದೇ, ಆದರೆ ಅದರ ಐದನೇ ಗೇಮ್ ಸ್ಕೈರಿಮ್ ಕಥೆ ನಡೆಯುವುದು ನಾಲ್ಕನೆಯದಾದ ಆಬ್ಲಿವಿಯನ್ ಆಗಿ ಸುಮಾರು 200 ವರ್ಷದ ಮೇಲೆ. ಹಾಗಾಗಿ ಅಲ್ಲೂ ನೇರವಾಗಿ ಸ್ಕೈರಿಮ್ ಶುರು ಮಾಡಬಹುದು.

ಕ್ರಮ ನಿಜವಾಗಿ ಮುಖ್ಯವಾಗುವುದು ಕಥೆ ಒಂದಕ್ಕೊಂದು ಹೆಣೆದುಕೊಂಡಿರುವ ಕಡೆ. ಫೈನಲ್ ಫ್ಯಾಂಟಸಿ 7 ಬಂದದ್ದು 1997ರಲ್ಲಿ. ಅದರ ಹಿಂದಿನ ಕಥೆ ಹೇಳುವ ಕ್ರೈಸಿಸ್ ಕೋರ್ ಬಂದದ್ದು 2007ರಲ್ಲಿ. "ಕಥೆಯಲ್ಲಿ ಇದೇ ಮೊದಲು, ಇದನ್ನೇ ಮೊದಲು ಆಡು" ಅಂತ ಸಲಹೆ ಕೊಡುವವರು ತುಂಬಾ ಜನ ಇದ್ದಾರೆ. ದಯವಿಟ್ಟು ಕೇಳಬೇಡಿ. ಮೂಲ ಗೇಮ್‌ನಲ್ಲಿ ಒಂದು ದೃಶ್ಯ ಇದೆ: ಕಾಲ್ಮ್ ಅನ್ನೋ ಊರಿನ ತಂಗುಮನೆಯಲ್ಲಿ ನಾಯಕ ಕ್ಲೌಡ್ ಮತ್ತು ಅವನ ಜೊತೆಗಾರರೆಲ್ಲ ಸೇರಿರುತ್ತಾರೆ, ಐದು ವರ್ಷದ ಹಿಂದೆ ಸೆಫಿರಾತ್ ಅನ್ನೋ ಹೆಸರಾಂತ ಯೋಧನ ಜೊತೆ ತನ್ನೂರು ನಿಬೆಲ್‌ಹೈಮ್‌ಗೆ ಹೋದಾಗ ಏನಾಯ್ತು ಅಂತ ಕ್ಲೌಡ್ ಹೇಳುತ್ತಾ ಹೋಗುತ್ತಾನೆ, ಆ ನೆನಪಿನೊಳಗೆ ನಾವೇ ಅವನನ್ನು ಓಡಾಡಿಸುತ್ತೇವೆ. ಅದೇ ಊರಿನ ಟೀಫಾ ಅಲ್ಲೇ ಕೂತು ಕೇಳುತ್ತಿರುತ್ತಾಳೆ. ಅವನ ಮಾತಲ್ಲಿ ಏನೋ ಸರಿಯಿಲ್ಲ ಅನ್ನಿಸುತ್ತೆ, ಏನು ಅಂತ ಗೊತ್ತಾಗುವುದಿಲ್ಲ. ಮುಂದೆ ಎಷ್ಟೋ ಗಂಟೆ ಆ ಅನುಮಾನ ನಿಮ್ಮ ಜೊತೆಗೇ ಬರುತ್ತೆ. ಕ್ರೈಸಿಸ್ ಕೋರ್ ಆಡಿ ಬಂದವರಿಗೆ ಆ ಅನುಮಾನವೇ ಇರುವುದಿಲ್ಲ, ಉತ್ತರ ಆಗಲೇ ಗೊತ್ತಿರುತ್ತೆ. ಅದೇ ಕ್ರೈಸಿಸ್ ಕೋರ್ ಅನ್ನು ಆಮೇಲೆ ಆಡಿ ನೋಡಿ. ಕೊನೆ ಏನಾಗುತ್ತೆ ಅಂತ ಗೊತ್ತಿದ್ದೂ ಅದರ ಕಡೆ ನಡೆಯಬೇಕಲ್ವಾ, ಆ ಸಂಕಟವೇ ಬೇರೆ. ಬರೆದವರು ಅದನ್ನು ನಂಬಿಕೊಂಡೇ ಬರೆದಿದ್ದಾರೆ. ಪ್ರೀಕ್ವೆಲ್‌ಗಳು, ಅಂದರೆ ಹಿಂದಿನ ಕಥೆ ಹೇಳುವ ಗೇಮ್‌ಗಳು, ಸಾಮಾನ್ಯವಾಗಿ ಹೀಗೆಯೇ, ಕಥೆ ಗೊತ್ತಿರುವವರಿಗಾಗಿಯೇ ಬರೆದಿರುತ್ತಾರೆ.

ಇನ್ನೊಂದು ಮಾತು. ರಿಲೀಸ್ ಕ್ರಮ ಅಂದರೆ ನೋಡಬೇಕಾದದ್ದು ವರ್ಷ, ನಂಬರ್ ಅಲ್ಲ. ಕಿಂಗ್‌ಡಮ್ ಹಾರ್ಟ್ಸ್ ಮೊದಲನೆಯದು 2002ರಲ್ಲಿ, ಎರಡನೆಯದು 2005ರಲ್ಲಿ ಬಂತು. ನಡುವೆ 2004ರಲ್ಲಿ, ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಅಡ್ವಾನ್ಸ್‌ಗೆ ಚೈನ್ ಆಫ್ ಮೆಮೊರೀಸ್ ಬಂತು. ಹೆಸರಲ್ಲಿ ನಂಬರ್ ಇಲ್ಲ, ಸೈಡ್ ಕಥೆ ಇರಬೇಕು ಅಂತ ಬಿಟ್ಟವರು ಎರಡನೆಯದನ್ನು ಶುರು ಮಾಡಿ ಕಕ್ಕಾಬಿಕ್ಕಿ. ಮೊದಲ ಗೇಮ್‌ನ ನಾಯಕ ಸೋರಾ ಎಲ್ಲಿ, ಈ ರಾಕ್ಸಸ್ ಅನ್ನೋ ಹುಡುಗ ಯಾರು, ಒಂದೂ ತಿಳಿಯುವುದಿಲ್ಲ. ರಾಕ್ಸಸ್ ಯಾರು ಅನ್ನೋದು ಎಲ್ಲರಿಗೂ ಗುಟ್ಟೇ. ಆದರೆ ಸೋರಾ ಯಾಕೆ ನಿದ್ದೆಯಲ್ಲಿದ್ದಾನೆ ಅನ್ನೋದು ಚೈನ್ ಆಫ್ ಮೆಮೊರೀಸ್ ಆಡಿದವರಿಗೆ ಮಾತ್ರ ಗೊತ್ತು.

ವಿಚರ್ 3 ಮಾತ್ರ ಬೇರೆ. ನೇರವಾಗಿ ಅದನ್ನೇ ಆಡಿ, ಪರವಾಗಿಲ್ಲ. ಶುರುವಿನಲ್ಲೇ ನಾಯಕ ಗೆರಾಲ್ಟ್‌ಗೆ ಗಡ್ಡ ಬೋಳಿಸುವಾಗ ಒಬ್ಬ ಸೇನಾಧಿಕಾರಿ ಹಳೆಯ ಸಂಗತಿಗಳನ್ನು ಕೇಳುತ್ತಾನೆ. ಎರಡನೇ ಗೇಮ್‌ನಲ್ಲಿ ನೀವು ಏನು ಆರಿಸಿಕೊಂಡಿದ್ದಿರಿ ಅಂತ ಆ ಉತ್ತರಗಳಿಂದಲೇ ತೀರ್ಮಾನ ಆಗುತ್ತೆ. ಹಳೆಯ ಸೇವ್ ಫೈಲ್ (ಹಿಂದಿನ ಗೇಮ್ ಆಡಿದ್ದನ್ನು ಉಳಿಸಿಟ್ಟ ಫೈಲ್) ಇಲ್ಲದವರಿಗೆ ಅಂತಲೇ ಮಾಡಿರುವ ಅನುಕೂಲ ಅದು.

ಈಗ ಥಿಯರಿ ವಿಷಯ. ಡಾರ್ಕ್ ಸೋಲ್ಸ್ ಮತ್ತು ಫೈನಲ್ ಫ್ಯಾಂಟಸಿ 8 ಆಡಿಲ್ಲದವರು ಮುಂದಿನ ಎರಡು ಪ್ಯಾರಾ ಬಿಟ್ಟುಬಿಡಿ.

2011ರ ಡಾರ್ಕ್ ಸೋಲ್ಸ್‌ನಲ್ಲಿ ಒಂದು ಉಂಗುರ ಸಿಗುತ್ತೆ. ದೊರೆ ಗ್ವಿನ್‌ನ ಹಿರಿಯ ಮಗ ಯುದ್ಧದ ದೇವರಾಗಿದ್ದ, ತನ್ನ ಮೂರ್ಖತನದಿಂದ ದೈವತ್ವ ಕಳೆದುಕೊಂಡ, ಈಗ ಅವನ ಹೆಸರು ಕೂಡ ಯಾರಿಗೂ ಗೊತ್ತಿಲ್ಲ ಅಂತ ಅದರ ವಿವರಣೆ ಹೇಳುತ್ತೆ. ಅಷ್ಟೇ. ಇದನ್ನು ಹಿಡಿದುಕೊಂಡು, ಸೂರ್ಯನನ್ನು ಆರಾಧಿಸುವ ಸೊಲೇರ್ ಅನ್ನೋ ಯೋಧನೇ ಆ ಮಗ ಅಂತ ಅಭಿಮಾನಿಗಳು ವರ್ಷಗಟ್ಟಲೆ ವಾದ ಮಾಡಿದರು. 2016ರಲ್ಲಿ ಮೂರನೇ ಗೇಮ್‌ನ ಮೂಲೆಯೊಂದರಲ್ಲಿ, ಹೋಗಲೇಬೇಕು ಅಂತೇನಿಲ್ಲದ ಬೆಟ್ಟದ ಮೇಲೆ, ಡ್ರಾಗನ್ ಏರಿ ಬರುವ ಹೆಸರಿಲ್ಲದ ರಾಜ ಎದುರಾಗುತ್ತಾನೆ. ಆ ಹಿರಿಯ ಮಗ ಇವನೇ ಅನ್ನೋದಕ್ಕೆ ಅಲ್ಲಿ ಸುಳಿವುಗಳಿವೆ. ಸೊಲೇರ್ ಥಿಯರಿ ಬಹುತೇಕ ಅಲ್ಲಿಗೆ ಮುಗಿಯಿತು. ಮೊದಲನೆಯದರಿಂದ ಆಡಿಕೊಂಡು ಬಂದವರಿಗೆ ಆ ಹೊತ್ತು ಮೈ ಜುಮ್ ಅನ್ನುತ್ತೆ. ಮೊದಲೇ ಓದಿಕೊಂಡು ಬಂದವರಿಗೆ ಅವನು ಇನ್ನೊಬ್ಬ ಕಷ್ಟದ ಬಾಸ್ (ದೊಡ್ಡ ಎದುರಾಳಿ), ಅಷ್ಟೇ.

ಫೈನಲ್ ಫ್ಯಾಂಟಸಿ 8ರಲ್ಲಿ ಮೊದಲ ಡಿಸ್ಕ್ ಕೊನೆಗೆ ನಾಯಕ ಸ್ಕ್ವಾಲ್‌ಗೆ ಮಂಜಿನ ಈಟಿ ಚುಚ್ಚಿಕೊಳ್ಳುತ್ತೆ. ಮುಂದೆ ಅವನು ಕಣ್ಣು ಬಿಟ್ಟಾಗ ಮೈಮೇಲೆ ಗಾಯವೇ ಇಲ್ಲ. ಅಂದಮೇಲೆ ಅವನು ಸತ್ತಿದ್ದಾನೆ, ಉಳಿದದ್ದೆಲ್ಲ ಕೊನೆಯುಸಿರಿನ ಕನಸು ಅನ್ನೋದು ಥಿಯರಿ. ನಿರ್ದೇಶಕ ಯೋಶಿನೋರಿ ಕಿತಾಸೆ 2017ರ ಸಂದರ್ಶನವೊಂದರಲ್ಲಿ ಇದನ್ನು ತಳ್ಳಿಹಾಕಿದರು. ಏಟು ಬಿದ್ದದ್ದು ಭುಜದ ಹತ್ತಿರ, ಅವನು ಸತ್ತಿಲ್ಲ ಅಂದರು. ಆದರೂ ನನಗೆ ಈ ಥಿಯರಿ ಇಷ್ಟ. ಗೇಮ್‌ನಲ್ಲಿ ಕಣ್ಣಿಗೆ ಕಾಣುವ ಒಂದು ಸಂಗತಿಯಿಂದಲೇ ಅದು ಹುಟ್ಟಿದೆ. ಓದಿದ ಮೇಲೆ ಎರಡನೇ ಸಲ ಆಡಿದರೆ, ಕಥೆ ಇದ್ದಕ್ಕಿದ್ದ ಹಾಗೆ ವಿಚಿತ್ರವಾಗುತ್ತಾ ಹೋಗುವುದನ್ನು ಇನ್ನೂ ಹುಷಾರಾಗಿ ನೋಡುತ್ತೀರಿ. ಮೊದಲ ಸಲಕ್ಕೇ ಓದಿಕೊಂಡು ಕೂತರೆ ಸ್ಕ್ವಾಲ್ ಮತ್ತು ರಿನೋವಾ ನಡುವಿನ ಪ್ರೀತಿಯನ್ನೂ ಸುಮ್ನೆ ಕನಸು ಅಂತಲೇ ನೋಡುತ್ತೀರಿ, ಅದು ದೊಡ್ಡ ನಷ್ಟ.

ನೀವು ಫೈನಲ್ ಫ್ಯಾಂಟಸಿ 7 ಅನ್ನೇ ಆರಿಸಿಕೊಂಡರೆ ಕ್ರಮ ಹೀಗಿರಲಿ: ಮೊದಲು 1997ರ ಮೂಲ ಗೇಮ್, ಆಮೇಲೆ ಕ್ರೈಸಿಸ್ ಕೋರ್, ಆಮೇಲೆ ಅದೇ ಕಥೆಯನ್ನು ಹೊಸದಾಗಿ ಮಾಡಿದ 2020ರ ರೀಮೇಕ್, ಕೊನೆಗೆ ಅದರ ಮುಂದಿನ ಭಾಗವಾದ 2024ರ ರೀಬರ್ತ್. ರೀಮೇಕ್ ಅಂತ ಹೆಸರಿದ್ದರೂ ಅದು ಹಳೆಯ ಕಥೆಯನ್ನು ಬಲ್ಲವರ ಜೊತೆಗೇ ಮಾತಾಡುತ್ತೆ, ಎಲ್ಲಿ ದಾರಿ ಬದಲಾಯಿತು ಅನ್ನೋದು ಉಳಿದವರಿಗೆ ತಿಳಿಯುವುದೇ ಇಲ್ಲ. ಹಳೆಯ ಗ್ರಾಫಿಕ್ಸ್ ನೋಡಿ ಹಿಂಜರಿಯಬೇಡಿ. ಈಗಿನ ಕನ್ಸೋಲ್‌ಗಳಲ್ಲಿ ಸಿಗುವ ಮೂಲ ಗೇಮ್‌ನಲ್ಲಿ ವೇಗವನ್ನು ಮೂರು ಪಟ್ಟು ಮಾಡಿಕೊಳ್ಳಬಹುದು, ಹೆಜ್ಜೆಹೆಜ್ಜೆಗೂ ಎದುರಾಗುವ ಸಣ್ಣ ಕಾದಾಟಗಳನ್ನು ನಿಲ್ಲಿಸಲೂಬಹುದು.